ಉತ್ತರ ಸಾಲದು, ಹಂತ ತೋರಿಸಿ

"ಬಿಟ್ಟಿ ಸಿಗುತ್ತೆ ಅನ್ನೋ ಒಂದೇ ಕಾರಣಕ್ಕೆ ಯಾವುದನ್ನೂ ಲ್ಯಾಬಿಗೆ ಬಿಟ್ಟುಕೊಳ್ಳೋನಲ್ಲ ನಾನು" ಎಂದು ಮೇಷ್ಟ್ರು ಮೊದಲೇ ಹೇಳಿಬಿಟ್ಟರು.

ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವರು ಅವರು. ಎದುರಿಗಿದ್ದವಳು ಅವರ ಹಳೆಯ ವಿದ್ಯಾರ್ಥಿನಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಶಾಲೆಯ ಹಳೇ ಕಂಪ್ಯೂಟರುಗಳಿಗೆ ಉಬುಂಟು ಹಾಕಿಕೊಡುತ್ತೇನೆಂದು ರಜೆಯಲ್ಲಿ ಬಂದವಳು, ಅದರ ಜತೆಗೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ತಂತ್ರಾಂಶಗಳನ್ನೂ ಹಾಕೋಣವೇ ಎಂದು ಕೇಳಿದ್ದಳು. ಸಮೀಕರಣ ಬರೆದರೆ ಅದರ ನಕ್ಷೆ ಎಳೆದು ತೋರಿಸುವ, ಒಳಗಿನ ಮೂಲ ಸಂಕೇತವನ್ನು ಯಾರು ಬೇಕಾದರೂ ತೆರೆದು ಓದಬಹುದಾದ ತಂತ್ರಾಂಶಗಳು.

"ಬಿಟ್ಟಿ ಅಂತ ನಾನೆಲ್ಲಿ ಅಂದೆ ಸರ್? ಮುಕ್ತ ಅಂದೆ."

"ಎರಡೂ ಒಂದೇ ಅಲ್ವಾ?"

ಅಲ್ಲ ಎನ್ನುವುದಕ್ಕೆ ಅವಳು ಆಪಲ್ ಕಂಪನಿಯ ಒಂದು ಕಥೆ ಹೇಳಿದಳು. 1993ರಲ್ಲಿ ರಾನ್ ಅವಿಟ್ಜರ್ ಎಂಬ ಗುತ್ತಿಗೆ ಪ್ರೋಗ್ರಾಮರ್ ಅಲ್ಲಿ ಕೆಲಸ ಮಾಡುತ್ತಿದ್ದ. ಅವನಿದ್ದ ಯೋಜನೆಯನ್ನು ಕಂಪನಿ ಅರ್ಧಕ್ಕೇ ಕೈಬಿಟ್ಟಿತು. ಆದರೆ ಅವನ ಗುರುತಿನ ಚೀಟಿ ಇನ್ನೂ ಬಾಗಿಲು ತೆರೆಯುತ್ತಿತ್ತು. ಸಂಬಳವಿಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ. ಖಾಲಿ ಬಿದ್ದ ಕೋಣೆಯೊಂದರಲ್ಲಿ ಕೂತು ಗೆಳೆಯನೊಬ್ಬನ ಜತೆ ಗ್ರಾಫ್ ಬರೆಯುವ ತಂತ್ರಾಂಶ ಮುಗಿಸಿದ. ಕಂಪನಿಯ ಎಂಜಿನಿಯರುಗಳೇ ಗುಟ್ಟಾಗಿ ಕೈಜೋಡಿಸಿದರು. 1994ರಲ್ಲಿ ಬಂದ ಪವರ್ ಮ್ಯಾಕಿಂಟೋಶ್ ಯಂತ್ರಗಳಲ್ಲಿ ಆ 'ಗ್ರಾಫಿಂಗ್ ಕ್ಯಾಲ್ಕುಲೇಟರ್' ಮೊದಲೇ ಕೂತಿತ್ತು.

ಮೇಷ್ಟ್ರು ನಕ್ಕರು. "ಕಳ್ಳತನದಿಂದ ಒಳಗೆ ಹೋಗಿ ಕೆಲಸ ಮಾಡೋರನ್ನ ನಾನು ಇವತ್ತೇ ಕೇಳ್ತಿರೋದು. ನಮ್ಮ ಕಡೆ ಕೆಲಸ ತಪ್ಪಿಸಿಕೊಳ್ಳೋಕೆ ಹೊರಗೆ ಹೋಗ್ತಾರೆ."

"ಕಥೆ ಚಂದ ಸರ್. ಆದ್ರೆ ಸಂಕೇತ ಮುಚ್ಚಿದ್ದೇ. ಆಪಲ್ ಮುಂದೆ ಹೊಸ ಆಪರೇಟಿಂಗ್ ಸಿಸ್ಟಮ್‌ಗೆ ಹೋದಾಗ ಇದನ್ನು ಜತೆಗೆ ಕೊಡೋದು ನಿಂತಿತು. ಬಳಸ್ತಿದ್ದ ಮೇಷ್ಟ್ರುಗಳು ಅದನ್ನು ತಾವೇ ಹೊಸ ಯಂತ್ರಕ್ಕೆ ಹೊಂದಿಸಿಕೊಳ್ಳೋ ಹಾಗಿರಲಿಲ್ಲ. ಪುಕ್ಕಟೆ ಕೊಟ್ಟೋರು ಪುಕ್ಕಟೆಯಾಗೇ ವಾಪಸ್ ತಗೋಬಹುದು."

ಗ್ರಾಫಿಂಗ್ ಕ್ಯಾಲ್ಕುಲೇಟರ್ ಎಂಬ ಯಂತ್ರವನ್ನೇ ನಮ್ಮ ಮಕ್ಕಳು ಕಂಡಿಲ್ಲ ಎನ್ನುವುದು ಮೇಷ್ಟ್ರ ಮುಂದಿನ ಮಾತು. ನಿಜವೇ. ಕ್ಯಾಸಿಯೋ ಕಂಪನಿ 1985ರಲ್ಲಿ ಎಫ್ಎಕ್ಸ್-7000ಜಿ ಎಂಬ ಹೆಸರಿನಲ್ಲಿ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರ್ ತಂದಿತು. 1990ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-81 ಬಂದ ಮೇಲೆ ಅಮೆರಿಕದ ಹೈಸ್ಕೂಲುಗಳಲ್ಲಿ ಅದು ಪಠ್ಯಪುಸ್ತಕದಷ್ಟೇ ಕಡ್ಡಾಯದ ವಸ್ತುವಾಯಿತು. 2004ರ ಟಿಐ-84 ಪ್ಲಸ್‌ನ ಪರದೆಯಲ್ಲಿ ಅಡ್ಡಕ್ಕೆ 96, ಉದ್ದಕ್ಕೆ 64 ಚುಕ್ಕೆಗಳು, ಅಷ್ಟೇ. ಬೆಲೆ ಮಾತ್ರ 100 ಡಾಲರಿನ ಆಸುಪಾಸು, ಅದೂ ವರ್ಷಗಟ್ಟಲೆ ಇಳಿಯದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ಸಾದಾ ಕ್ಯಾಲ್ಕುಲೇಟರನ್ನೂ ಒಯ್ಯುವಂತಿಲ್ಲ. ಹೀಗಾಗಿ ಆ ವ್ಯಾಪಾರ ಇಲ್ಲಿಗೆ ಕಾಲಿಡಲೇ ಇಲ್ಲ.

"ಅಲ್ಲಿಯ ಹುಡುಗರು ಆ ಯಂತ್ರಕ್ಕೇ ಗಂಟು ಬಿದ್ದಿದ್ರು ಸರ್" ಎಂದಳು ಅವಳು. "ಟಿಐ-83 ಪ್ಲಸ್‌ಗೆ ತಮ್ಮದೇ ಆಪರೇಟಿಂಗ್ ಸಿಸ್ಟಮ್ ಹಾಕಬೇಕು ಅಂತ ಆಸೆ. ಕಂಪನಿಯ ಡಿಜಿಟಲ್ ರುಜು ಇಲ್ಲದಿದ್ರೆ ಯಂತ್ರ ಒಪ್ಪೋದಿಲ್ಲ. 512 ಬಿಟ್‌ನ ಕೀಲಿ ಅದು. ಕೀಲಿ ಅಂದ್ರೇನು? ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದ ಒಂದು ದೊಡ್ಡ ಸಂಖ್ಯೆ."

"ಅಪವರ್ತಿಸಬೇಕು, ಹಾಗಾದ್ರೆ."

"ಅದನ್ನೇ ಮಾಡಿದ್ರು. 2009ರಲ್ಲಿ ಒಬ್ಬ ಹವ್ಯಾಸಿ ತನ್ನ ಮನೆಯ ಕಂಪ್ಯೂಟರನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಓಡಿಸಿ ಆ ಸಂಖ್ಯೆಯ ಅಪವರ್ತನ ಕಂಡುಹಿಡಿದ. ಕಂಪನಿ ಲೀಗಲ್ ನೋಟಿಸುಗಳನ್ನು ಕಳಿಸಿತು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅನ್ನೋ ಸಂಸ್ಥೆ ಹುಡುಗರ ಪರ ನಿಂತಿತು. ತಾವೇ ದುಡ್ಡು ಕೊಟ್ಟು ಕೊಂಡ ಕ್ಯಾಲ್ಕುಲೇಟರ್ ಒಳಗೆ ಏನಿದೆ ಅಂತ ನೋಡೋಕೆ ಇಷ್ಟು ರಂಪ!"

ಈಗ ಆ ಯಂತ್ರಗಳನ್ನು ಕಂಪ್ಯೂಟರಿನ ಪರದೆಯ ಮೇಲೇ ಅನುಕರಿಸುವ ಟಿಲ್‌ಎಮ್‌ನಂಥ ಮುಕ್ತ ತಂತ್ರಾಂಶಗಳಿವೆ. ಆದರೆ ಅವು ನಡೆಯಬೇಕಾದರೆ ನಿಜವಾದ ಯಂತ್ರದೊಳಗಿನ ರೋಮ್, ಅಂದರೆ ಕಂಪನಿ ತುಂಬಿಟ್ಟ ಸಂಕೇತ, ಬೇಕು; ಅದರ ಹಕ್ಕು ಕಂಪನಿಯದೇ. ಮನೆ ನಮ್ಮದು, ಬೀಗದಕೈ ಅವರದು ಎನ್ನುವ ವ್ಯವಹಾರ. ಪಿಸಿಯಲ್ಲಿ ಗ್ರಾಫ್ ಬರೆಯಲು ಆ ಹಾದಿ ಹಿಡಿಯುವ ಅಗತ್ಯವೇ ಇಲ್ಲ ಎಂದು ಅವಳು ಲ್ಯಾಪ್‌ಟಾಪ್ ತೆರೆದಳು.

ಕಪ್ಪು ಕಿಟಕಿಯೊಂದು ಬಂತು. ಬಣ್ಣದ ಗುಂಡಿ, ಮೆನು ಏನೂ ಇಲ್ಲ.

"ಇದು ಗ್ನುಪ್ಲಾಟ್. 1986ರಲ್ಲಿ ಥಾಮಸ್ ವಿಲಿಯಮ್ಸ್, ಕಾಲಿನ್ ಕೆಲ್ಲಿ ಅನ್ನೋ ಇಬ್ಬರು ಶುರು ಮಾಡಿದ್ದು. ಇವತ್ತಿಗೂ ವಿಜ್ಞಾನಿಗಳು ಪ್ರಬಂಧಕ್ಕೆ ನಕ್ಷೆ ಹಾಕೋಕೆ ಬಳಸ್ತಾರೆ."

"ಮುದುಕನ ಹಾಗೆ ಕಾಣುತ್ತೆ."

"ಮುದುಕನೇ. ಒಂದು ಸಮೀಕರಣ ಹೇಳಿ ಸರ್."

ಮೇಷ್ಟ್ರು ಸ್ವಲ್ಪ ಯೋಚಿಸಿ, "ಸೈನ್ 31 ಎಕ್ಸ್" ಎಂದರು. ಸುಮ್ಮನೆ ಬಾಯಿಗೆ ಬಂದದ್ದು. ಅವಳು ಎಕ್ಸ್ ಅಕ್ಷದ ವ್ಯಾಪ್ತಿಯನ್ನು −10ರಿಂದ 10ಕ್ಕೆ ಇಟ್ಟು, ಬಿಂದುಗಳ ಸಂಖ್ಯೆಯನ್ನು 100 ಎಂದು ಕೊಟ್ಟು ಪ್ಲಾಟ್ ಆಜ್ಞೆ ಒತ್ತಿದಳು. ಪರದೆಯ ಎಡಗಡೆ −0.85ರ ಹತ್ತಿರ ಹೊರಟ ಗೆರೆಯೊಂದು ಮೆಲ್ಲಗೆ ಮೇಲೇರುತ್ತ, ಮೂಲಬಿಂದುವನ್ನು ಹಾದು, ಬಲಗಡೆ 0.85ಕ್ಕೆ ಹೋಗಿ ನಿಂತಿತು. ಒಂದೇ ಒಂದು ಅಲೆಯೂ ಇಲ್ಲ. ಹೆಚ್ಚೂಕಡಿಮೆ ಸರಳರೇಖೆ.

ಅವಳು ಏನೂ ಹೇಳದೆ ಕೂತಳು. ಹೇಳಬೇಕಾದ ಅಗತ್ಯವೂ ಬರಲಿಲ್ಲ.

"ಇದು ತಪ್ಪು" ಎಂದರು ಮೇಷ್ಟ್ರು. ಜೇಬಿನಿಂದ ಪೆನ್ನು ತೆಗೆದು ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿದರು. "ಎಕ್ಸ್ ಬೆಲೆ ಸೊನ್ನೆ ಆದಾಗ ಸೈನ್ ಸೊನ್ನೆ. ಸರಿ. ಎಕ್ಸ್ ಬೆಲೆ 0.05 ಅಂತಿಟ್ಟುಕೋ. 31ರಿಂದ ಗುಣಿಸಿದ್ರೆ 1.55 ರೇಡಿಯನ್. ಪೈ ಅರ್ಧ ಅಂದ್ರೆ 1.57. ಅಂದ್ರೆ ಅಲ್ಲಿ ಆಗಲೇ ಬೆಲೆ ಒಂದಕ್ಕೆ ಮುಟ್ಟಿರಬೇಕು. ಇಲ್ಲಿ ನೋಡಿದ್ರೆ ಇನ್ನೂ ಸೊನ್ನೆ ಹತ್ರಾನೇ ತೆವಳ್ತಾ ಇದೆ. ಈ 20 ಮಾನದ ಒಳಗೆ 98ಕ್ಕೂ ಹೆಚ್ಚು ಅಲೆ ಬರಬೇಕು. ಎಲ್ಲಿ ಹೋದವು?"

"ಹೋಗಿಲ್ಲ. 100 ಬಿಂದುಗಳ ನಡುವೆ ಬಿದ್ದುಹೋಗಿವೆ."

ವಿವರ ಹೀಗೆ. ಕಂಪ್ಯೂಟರು ನಕ್ಷೆಯನ್ನು ಎಳೆಯುವುದಿಲ್ಲ, ಬಿಂದುಗಳನ್ನು ಲೆಕ್ಕ ಹಾಕಿ ಒಂದಕ್ಕೊಂದು ಗೆರೆ ಸೇರಿಸುತ್ತದೆ. −10ರಿಂದ 10ರವರೆಗೆ 100 ಬಿಂದುಗಳನ್ನಿಟ್ಟರೆ ನಡುವಿನ ಅಂತರಗಳು 99. ಒಂದೊಂದು ಅಂತರ ಸುಮಾರು 0.202. ಇದನ್ನು 31ರಿಂದ ಗುಣಿಸಿದರೆ 6.26. ಒಂದು ಪೂರ್ತಿ ಅಲೆಗೆ ಬೇಕಾದದ್ದು 6.28. ಅಂದರೆ ಪ್ರತಿ ಬಿಂದುವೂ ಮುಂದಿನ ಅಲೆಯ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ಬೀಳುತ್ತದೆ. ನಡುವೆ ಎದ್ದು ಬಿದ್ದ ಇಡೀ ಅಲೆ ಕಣ್ಣಿಗೆ ಬೀಳುವುದೇ ಇಲ್ಲ. ಪ್ರತಿ ಹೆಜ್ಜೆಗೂ ಉಳಿಯುವ 0.02ರ ಕೊರತೆ ಕೂಡುತ್ತಾ ಹೋಗಿ ಆ ಸೋಮಾರಿ ಗೆರೆಯಾಗಿದೆ. ಅವಳು ಬಿಂದುಗಳನ್ನು 2000 ಮಾಡಿದೊಡನೆ ಪರದೆ ತುಂಬಾ ಅಲೆಗಳು ಒತ್ತೊತ್ತಾಗಿ ನಿಂತವು.

ಮೇಷ್ಟ್ರಿಗೆ ಈಗ ಆಟ ಹತ್ತಿತು. "ಒಂದರ ಕೆಳಗೆ ಎಕ್ಸ್ ಹಾಕು" ಎಂದರು. ಮತ್ತೆ 100 ಬಿಂದು. ಅತಿಪರವಲಯದ ಎರಡು ಕವಲುಗಳು ಬಂದವು; ಅವುಗಳ ಜತೆಗೆ ಕೆಳಗಿನಿಂದ ಮೇಲಕ್ಕೆ ಮೂಲಬಿಂದುವನ್ನೇ ಸೀಳಿಕೊಂಡು ಹೋಗುವ ಒಂದು ಕಡಿದಾದ ಗೆರೆಯೂ ಬಂತು. ಸೊನ್ನೆಯಿಂದ ಭಾಗಿಸಲಾಗದು ಎಂದು ಎಂಟನೇ ಕ್ಲಾಸಿನಿಂದ ಹೇಳಿಕೊಂಡು ಬಂದವರಿಗೆ ಇದು ಅಪಚಾರದಂತೆ ಕಂಡಿರಬೇಕು. 100 ಬಿಂದುಗಳಲ್ಲಿ ಸೊನ್ನೆ ಎಂಬ ಬಿಂದುವೇ ಇಲ್ಲ, −0.101ರಲ್ಲಿ −9.9, ಮುಂದಿನ ಹೆಜ್ಜೆ 0.101ರಲ್ಲಿ 9.9. ಎರಡನ್ನೂ ಸೇರಿಸಿ ತಂತ್ರಾಂಶ ಗೆರೆ ಎಳೆದಿದೆ. 101 ಬಿಂದು ಇಟ್ಟರೆ ನಡುಮಧ್ಯೆ ಸೊನ್ನೆ ಸಿಗುತ್ತದೆ, ಅಲ್ಲಿ ಬೆಲೆ ಇಲ್ಲ ಎಂದು ತಂತ್ರಾಂಶಕ್ಕೆ ಗೊತ್ತಾಗುತ್ತದೆ, ಸುಳ್ಳು ಗೆರೆ ಮಾಯ.

"ಇಂಥದ್ದನ್ನ ಮಕ್ಕಳಿಗೆ ತೋರಿಸಬೇಕಾ?"

"ತೋರಿಸೋಕೇ ತಂದೆ ಸರ್. ಪರೀಕ್ಷೆಯಲ್ಲಿ ಉತ್ತರ ಮಾತ್ರ ಬರೆದ್ರೆ ನೀವು ಪೂರ್ತಿ ಅಂಕ ಕೊಡ್ತಿದ್ರಾ? ಹಂತ ಎಲ್ಲಿ ಅಂತ ಕೇಳ್ತಿದ್ರಿ. ನನಗೇ ಎಷ್ಟು ಸಲ ಕಟ್ ಮಾಡಿದ್ದೀರಿ. ಈ ತಂತ್ರಾಂಶವನ್ನೂ ಹಾಗೇ ಕೇಳಬಹುದು. ಎಷ್ಟು ಬಿಂದು ತಗೊಂಡೆ, ಹೇಗೆ ಸೇರಿಸಿದೆ, ಎಲ್ಲಿ ಬಿಟ್ಟೆ. ಅದು ಹೇಳುತ್ತೆ."

ಇಲ್ಲಿ ಮೇಷ್ಟ್ರು ಎತ್ತಿದ ಆಕ್ಷೇಪ ಹಗುರವಾದದ್ದಲ್ಲ. ಮುಕ್ತ ತಂತ್ರಾಂಶದ ಬಗ್ಗೆ ಉತ್ಸಾಹದಿಂದ ಮಾತಾಡುವವರು ಸಾಮಾನ್ಯವಾಗಿ ಇದನ್ನು ದಾಟಿ ಹೋಗಿಬಿಡುತ್ತಾರೆ.

"ಬಿಂದು ಬದಲಿಸೋದು ಸೆಟ್ಟಿಂಗು. ಮುಚ್ಚಿದ ತಂತ್ರಾಂಶದಲ್ಲೂ ಅದು ಇರಬಹುದು. ಮೂಲ ಸಂಕೇತ ತೆರೆದಿಟ್ಟಿದ್ದಾರೆ ಅಂತೀಯ. ನನಗೆ ಸಿ ಭಾಷೆ ಬರುತ್ತಾ? ಈ ತಾಲ್ಲೂಕಿನ ಗಣಿತದ ಮೇಷ್ಟ್ರುಗಳಲ್ಲಿ ಎಷ್ಟು ಜನಕ್ಕೆ ಬರುತ್ತೆ? ಓದೋಕೆ ಬಾರದವನಿಗೆ ಪುಸ್ತಕ ತೆರೆದಿದ್ರೇನು, ಮುಚ್ಚಿದ್ರೇನು?"

ಅವಳು ತಕ್ಷಣ ಉತ್ತರಿಸಲಿಲ್ಲ. ಆಮೇಲೆ ಒಂದು ಹಳೆಯ ಹೆಸರು ಹೇಳಿದಳು: ಮ್ಯಾಕ್ಸಿಮಾ. ಅದರ ತಾಯಿ ಎನ್ನಬಹುದಾದ ತಂತ್ರಾಂಶ 1968ರಲ್ಲಿ ಎಂಐಟಿಯಲ್ಲಿ ಶುರುವಾಯಿತು. ಹಳೆಯದರ ಹೆಸರು ಮ್ಯಾಕ್‌ಸಿಮಾ, ಇಂಗ್ಲಿಷಿನಲ್ಲಿ ಬರೆದರೆ Macsyma. ಬೀಜಗಣಿತವನ್ನು ಅಕ್ಷರಗಳಲ್ಲೇ ಬಿಡಿಸುವ ತಂತ್ರಾಂಶ ಅದು. ಅಮೆರಿಕದ ಇಂಧನ ಇಲಾಖೆಯ ಕೈಯಲ್ಲಿದ್ದ ಅದರ ಒಂದು ಪ್ರತಿಯನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ವಿಲಿಯಂ ಶೆಲ್ಟರ್ 1982ರಿಂದ ಒಬ್ಬರೇ ನೋಡಿಕೊಂಡರು; ಅದೇ ಮ್ಯಾಕ್ಸಿಮಾ. 1998ರಲ್ಲಿ ಅದನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಡಲು ಇಲಾಖೆಯ ಅನುಮತಿ ಪಡೆದರು. 2001ರಲ್ಲಿ ತೀರಿಕೊಂಡರು. ಅನುಮತಿಯ ಪತ್ರ ಮೂರು ವರ್ಷ ತಡವಾಗಿದ್ದರೆ ತಂತ್ರಾಂಶವೂ ಅವರ ಜತೆಗೇ ಹೋಗುತ್ತಿತ್ತೇನೋ. ಹಾಗಾಗಲಿಲ್ಲ. ಬಳಕೆದಾರರೇ ಗುಂಪು ಕಟ್ಟಿಕೊಂಡು ಮುಂದುವರಿಸಿದರು. ಅಂದಹಾಗೆ, ಮ್ಯಾಕ್ಸಿಮಾಗೆ ನಕ್ಷೆ ಬರೆದುಕೊಡುವುದು ಗ್ನುಪ್ಲಾಟೇ.

"ಆ ಸಂಕೇತ ಓದಬಲ್ಲೋರು ಜಗತ್ತಿನಲ್ಲಿ ಕೆಲವೇ ಜನ ಇದ್ದಿರಬಹುದು ಸರ್. ಆ ಕೆಲವರಿಗೆ ಓದೋಕೆ ಬಿಟ್ಟಿದ್ದಕ್ಕೆ ಉಳಿದೋರಿಗೂ ಸಿಕ್ತು. ನೀವು ಓದಬೇಕಾಗಿಲ್ಲ, ಓದೋರನ್ನ ಯಾರೂ ತಡೀಬಾರದು."

ಮೇಷ್ಟ್ರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ; ಆದರೆ ಮಾತು ಬದಲಿಸಿದರು. "ಜಿಯೋಜಿಬ್ರಾ ಹಾಕ್ತೀಯ ತಾನೇ? ನಾನು ಟ್ರೈನಿಂಗ್ ತಗೊಂಡಿದ್ದು ಅದರಲ್ಲೇ."

ತರಬೇತಿಯ ಮಾತು ಬಂದರೆ ಕರ್ನಾಟಕಕ್ಕೆ ಒಂದು ಇತಿಹಾಸವಿದೆ. ಶಿಕ್ಷಣ ಇಲಾಖೆ ಮತ್ತು ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲೆಯ ಗಣಿತ ಶಿಕ್ಷಕರು ಉಬುಂಟು ಮೇಲೆ ಜಿಯೋಜಿಬ್ರಾ ಕಲಿತರು; ಅವರು ಸಿದ್ಧಪಡಿಸಿದ ಪಾಠಗಳು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಕನ್ನಡದಲ್ಲೇ ಸೇರಿದವು. ಪಕ್ಕದ ಕೇರಳ ಇನ್ನೂ ಮುಂದೆ ಹೋಗಿ ಹೈಸ್ಕೂಲಿನ ಐಟಿ ಪಠ್ಯದೊಳಗೇ ಜಿಯೋಜಿಬ್ರಾ ಇಟ್ಟಿತು.

ಜಿಯೋಜಿಬ್ರಾದ ಹುಟ್ಟು ಆಸ್ಟ್ರಿಯಾದಲ್ಲಿ. ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬ ವಿದ್ಯಾರ್ಥಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ 2001ರ ಸುಮಾರಿಗೆ ಸ್ನಾತಕೋತ್ತರ ಪ್ರಬಂಧಕ್ಕೆಂದು ಬರೆದದ್ದು. ಅಲ್ಲಿಯವರೆಗೆ ರೇಖಾಗಣಿತದ ತಂತ್ರಾಂಶ ಬೇರೆ, ಬೀಜಗಣಿತದ್ದು ಬೇರೆ ಇದ್ದವು. ಇವರು ಎರಡನ್ನೂ ಒಂದೇ ಪರದೆಗೆ ತಂದರು. ಸಮೀಕರಣ ತಿದ್ದಿದರೆ ಗೆರೆ ಸರಿಯುತ್ತದೆ. ಗೆರೆಯನ್ನು ಮೌಸಿನಲ್ಲಿ ಹಿಡಿದೆಳೆದರೆ ಸಮೀಕರಣ ಬದಲಾಗುತ್ತದೆ. ಎಕ್ಸ್ ವರ್ಗದ ಹಿಂದಿನ ಸಹಗುಣಕಕ್ಕೆ ಸ್ಲೈಡರ್ ಕೊಟ್ಟು ಧನದಿಂದ ಋಣಕ್ಕೆ ಎಳೆದಾಗ ಪರವಲಯ ಅಗಲವಾಗುತ್ತಾ ಬಂದು, ಒಂದು ಕ್ಷಣ ಎಕ್ಸ್ ಅಕ್ಷದ ಮೇಲೆ ಅಂಗಾತ ಮಲಗಿ, ಆಮೇಲೆ ಬೋರಲು ಬೀಳುವುದನ್ನು ಕಂಡ ಮಗು ಆ ಪಾಠವನ್ನು ಮರೆಯುವುದು ಕಷ್ಟ. ಕರಿಹಲಗೆಯ ಮೇಲೆ ಇದನ್ನು ತೋರಿಸಲು ಆಗದು, ಎಷ್ಟೇ ಒಳ್ಳೆಯ ಮೇಷ್ಟ್ರಿದ್ದರೂ.

"ಹಾಕ್ತೀನಿ ಸರ್. ಆದ್ರೆ ಇಲ್ಲೊಂದು ಸಣ್ಣ ಅಕ್ಷರದ ವಿಷಯ ಇದೆ" ಎಂದಳು ಅವಳು. "ಮೂಲ ಸಂಕೇತವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟಿದ್ದಾರೆ, ಹೌದು. ಆದ್ರೆ ನಾವು ಇಳಿಸಿಕೊಳ್ಳೋ ಇನ್‌ಸ್ಟಾಲರು, ಭಾಷೆಯ ಫೈಲುಗಳು, ಇವು ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ. ಶಾಲೆಗೆ ತೊಂದರೆ ಇಲ್ಲ. ಟ್ಯೂಷನ್ ಕಂಪನಿ ನಡೆಸೋರು ಬೇರೆ ಒಪ್ಪಂದ ಮಾಡ್ಕೋಬೇಕು."

"ಅಂದ್ರೆ ಮುಕ್ಕಾಲು ಮುಕ್ತ."

"ಹಾಗೇ ಅನ್ನಿ. ಇನ್ನೊಂದು ಗೊತ್ತಾ? 2021ರ ಡಿಸೆಂಬರಿನಲ್ಲಿ ಅದನ್ನ ಬೆಂಗಳೂರಿನ ಬೈಜೂಸ್ ಅನ್ನೋ ಟ್ಯೂಷನ್ ಕಂಪನಿ ಕೊಂಡಿತು."

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಮುಂದಿನದು ಪತ್ರಿಕೆಗಳಲ್ಲಿ ಓದಿದ್ದರು. ಭಾರತ ಕ್ರಿಕೆಟ್ ತಂಡದ ಜರ್ಸಿಯ ಪ್ರಾಯೋಜಕತ್ವಕ್ಕೆ ಸಂಬಂಧಿಸಿದ ಸುಮಾರು 158 ಕೋಟಿ ರೂಪಾಯಿ ಬಾಕಿಗಾಗಿ ಬಿಸಿಸಿಐ ಹೂಡಿದ್ದ ಅರ್ಜಿಯ ಮೇಲೆ, 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ಎನ್‌ಸಿಎಲ್‌ಟಿ ಆ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು. ಮೇಲ್ಮನವಿ ಪ್ರಾಧಿಕಾರ ಆಗಸ್ಟಿನಲ್ಲಿ ಅದನ್ನು ರದ್ದು ಮಾಡಿದರೆ, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ರದ್ದತಿಯನ್ನೇ ತಳ್ಳಿಹಾಕಿತು.

"ಕ್ರಿಕೆಟ್ ಜರ್ಸಿಯ ಸಾಲ ನನ್ನ ಪರವಲಯದ ತಲೆ ಮೇಲೆ ಬಂದು ಕೂತಿತ್ತು ಅನ್ನು!"

"ಜಿಯೋಜಿಬ್ರಾ ನಿಲ್ಲಲಿಲ್ಲ ಸರ್, ನಡೀತಾನೇ ಇತ್ತು. ಆದ್ರೆ ನಿಂತಿದ್ರೂ ಬಿಟ್ಟ ಸಂಕೇತ ಹಿಡಿದು ಯಾರಾದ್ರೂ ಹೊಸದಾಗಿ ಕಟ್ಟಬಹುದಿತ್ತು. ಡೆಸ್ಮೋಸ್ ಅನ್ನೋ ಆನ್ಲೈನ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ನೋಡಿ, ಅಮೆರಿಕದ ಡಿಜಿಟಲ್ ಎಸ್ಎಟಿ ಪರೀಕ್ಷೆಯ ಒಳಗೇ ಅದನ್ನ ಕೂರಿಸಿದ್ದಾರೆ. ಬಳಸೋಕೆ ಅದರಷ್ಟು ಸಲೀಸು ಇನ್ನೊಂದಿಲ್ಲ, ದುಡ್ಡೂ ಕೇಳಲ್ಲ. ಆದ್ರೆ ಸಂಕೇತ ಅವರ ಹತ್ರಾನೇ. ಅವರು ನಾಳೆ ಮನಸ್ಸು ಬದಲಿಸಿದ್ರೆ ನಮ್ಮ ಕೈಲಿ ಏನೂ ಉಳಿಯಲ್ಲ."

"ನಿನ್ನ ಮುದುಕ? ಅವನಾದ್ರೂ ಪೂರ್ತಿ ಮುಕ್ತನಾ?"

ಅವಳು ಒಂದು ಸಣ್ಣ ನಗೆ ನಕ್ಕಳು. ಗ್ನುಪ್ಲಾಟಿನದೂ ವಿಚಿತ್ರ ಕರಾರು. ಸಂಕೇತವನ್ನು ತಿದ್ದಬಹುದು, ಆದರೆ ತಿದ್ದಿದ ಪೂರ್ತಿ ಸಂಕೇತವನ್ನು ಹಾಗೇ ಹಂಚುವಂತಿಲ್ಲ, ಮೂಲದ ಜತೆಗೆ ತಿದ್ದುಪಡಿಯನ್ನು ಪ್ರತ್ಯೇಕವಾಗಿ ಕೊಡಬೇಕು. ಹೆಸರಿನಲ್ಲಿ ಗ್ನು ಇದ್ದರೂ ರಿಚರ್ಡ್ ಸ್ಟಾಲ್‌ಮನ್ನರ ಗ್ನು ಯೋಜನೆಗೂ ಇದಕ್ಕೂ ನಂಟಿಲ್ಲ. ಮೇಷ್ಟ್ರು ಇದನ್ನು ಕೇಳಿ ಖುಷಿಪಟ್ಟರು. ವಾದದಲ್ಲಿ ಎದುರಾಳಿಯ ಬುಟ್ಟಿಯಲ್ಲೂ ಹುಳುಕು ಸಿಕ್ಕಾಗ ಆಗುವ ಖುಷಿ.

ಯಾವ ಅಡ್ಡಿಯೂ ಇಲ್ಲದ್ದು ಬೇಕೆಂದರೆ ಕೆಎಂಪ್ಲಾಟ್ ಇದೆ, ಜಿಪಿಎಲ್ ಅಡಿಯಲ್ಲಿ. ಕೆಡಿಇ ಎಂಬ ಲಿನಕ್ಸ್ ಬಳಗದ ಶೈಕ್ಷಣಿಕ ತಂತ್ರಾಂಶಗಳಲ್ಲಿ ಒಂದು. ನೋಡಲು ಸಾದಾ. ಫಲನವನ್ನು ಬರೆಯುತ್ತದೆ, ಅದರ ನಿಷ್ಪನ್ನವನ್ನೂ ಅನುಕಲವನ್ನೂ ಬರೆಯುತ್ತದೆ, ಧ್ರುವ ನಿರ್ದೇಶಾಂಕಗಳಲ್ಲೂ ಬರೆಯುತ್ತದೆ. ಇದ್ಯಾವುದೂ ಮೇಷ್ಟ್ರ ಗಮನ ಸೆಳೆಯಲಿಲ್ಲ. ಸೆಳೆದದ್ದು ಅವಳು ಪ್ರಿಂಟ್ ಕಿಟಕಿ ತೆರೆದಾಗ ಕಂಡ ಒಂದು ಸಣ್ಣ ಅನುಕೂಲ: ನಕ್ಷೆಯನ್ನು ಅಳತೆಗೆ ಸರಿಯಾಗಿ ಕಾಗದದ ಮೇಲೆ ಮುದ್ರಿಸಬಹುದು.

"ಅಂದ್ರೆ ಒಂದು ಮಾನಕ್ಕೆ ಒಂದು ಸೆಂಟಿಮೀಟರ್ ಅಂತ ಕೊಟ್ರೆ, ಕಾಗದದ ಮೇಲೂ ಸ್ಕೇಲಿಟ್ಟು ಅಳೆದ್ರೆ ಒಂದೇ ಸೆಂಟಿಮೀಟರ್ ಬರುತ್ತಾ?"

"ಬರುತ್ತೆ."

"ಇದನ್ನ ಮೊದಲೇ ಹೇಳೋದಲ್ವಾ!"

ಕಾರಣ ಗೊತ್ತಿದ್ದವರಿಗೆ ಈ ಉದ್ಗಾರ ಅರ್ಥವಾಗುತ್ತದೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಎರಡು ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯ ವಿಧಾನದಿಂದ ಬಿಡಿಸಿ ಎಂಬ ಪ್ರಶ್ನೆ ಹೆಚ್ಚೂಕಡಿಮೆ ಕಾಯಂ. ಕಷ್ಟದ ಪ್ರಶ್ನೆಯಲ್ಲ. ಆದರೂ ಅಂಕ ಹೋಗುವುದು ಅಲ್ಲೇ: ಒಂದು ಬಿಂದು ಒಂದು ಮನೆ ಆಚೆ ಗುರುತಾಗಿರುತ್ತದೆ, ಸ್ಕೇಲು ಕೂದಲೆಳೆ ಜಾರಿರುತ್ತದೆ, ಎರಡು ಗೆರೆ ಸೇರಬೇಕಾದಲ್ಲಿ ಸೇರುವುದಿಲ್ಲ. ಎಕ್ಸ್ ಕೂಡಿಸು ವೈ ಸಮ 5, 2 ಎಕ್ಸ್ ಕಳೆ ವೈ ಸಮ 4 ಎಂಬ ಜೋಡಿಯನ್ನು ಅವಳು ಕೆಎಂಪ್ಲಾಟಿಗೆ ಕೊಟ್ಟಳು. ಗೆರೆಗಳು (3, 2) ಬಿಂದುವಿನಲ್ಲಿ ಛೇದಿಸಿದವು. ಹಾಳೆ ಮುದ್ರಿಸಿ, ಮಕ್ಕಳ ಗ್ರಾಫ್ ಹಾಳೆಯ ಕೆಳಗಿಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ತಪ್ಪು ಎಲ್ಲಾಯಿತು ಎಂದು ಮಗುವಿಗೇ ಕಾಣುತ್ತದೆ, ತಿದ್ದುವವರು ಬಾಯಿ ಬಿಡಬೇಕಾಗಿಲ್ಲ.

ಮೇಷ್ಟ್ರು ಕೊನೆಗೆ ತಮ್ಮ ತೀರ್ಮಾನ ಹೇಳಿದರು. ಜಿಯೋಜಿಬ್ರಾ ಇರಲಿ, ಪಾಠಕ್ಕೆ ಅದೇ ಬೇಕು. ಕೆಎಂಪ್ಲಾಟ್ ಇರಲಿ, ಹಾಳೆ ಮುದ್ರಿಸಲು. ಗ್ನುಪ್ಲಾಟ್ ಒಂದೇ ಯಂತ್ರದಲ್ಲಿ ಸಾಕು, ಅದೂ ಮೇಷ್ಟ್ರ ಮೇಜಿನ ಮೇಲೆ. ಹತ್ತನೇ ಕ್ಲಾಸಿನ ಮಕ್ಕಳಿಗೆ ಸೈನ್ 31 ಎಕ್ಸ್‌ನ ಸುಳ್ಳು ಗೆರೆ ತೋರಿಸಿ, ತಪ್ಪನ್ನು ಪೆನ್ನು ಕಾಗದದಲ್ಲಿ ಹಿಡಿದವರಿಗೆ ಮಾತ್ರ ಕೀಬೋರ್ಡ್ ಕೊಡುವುದು. ಮೊಬೈಲು ಬೇಡ, ಡೆಸ್ಮೋಸ್ ಬೇಡ, ಇಂಟರ್‌ನೆಟ್ ಹೋದ ದಿನ ಪಾಠ ನಿಲ್ಲಬಾರದು.

ಇದೇ ಯೋಚನೆಯಲ್ಲಿರುವ ಮೇಷ್ಟ್ರು, ಮೇಡಂಗಳು ಓದುತ್ತಿದ್ದರೆ: ಕೆಎಂಪ್ಲಾಟ್, ಗ್ನುಪ್ಲಾಟ್, ಮ್ಯಾಕ್ಸಿಮಾ ಮೂರೂ ಉಬುಂಟು, ಡೆಬಿಯನ್‌ಗಳ ತಂತ್ರಾಂಶ ಭಂಡಾರದಲ್ಲೇ ಸಿಗುತ್ತವೆ. ಜಿಯೋಜಿಬ್ರಾ ಕಲಿಯಬೇಕೆನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಪಾಠಗಳಿವೆ. ಹಾಕುವ ಮುನ್ನ ಪರವಾನಗಿಯ ಪುಟವನ್ನು ಒಮ್ಮೆ ಓದಿ. ಗ್ನುಪ್ಲಾಟಿನಲ್ಲಾದರೆ 'ಹೆಲ್ಪ್ ಕಾಪಿರೈಟ್' ಎಂದು ಬರೆದು ಎಂಟರ್ ಒತ್ತಿದರೆ ಅದು ತಾನೇ ಹೇಳುತ್ತದೆ.